ಉಸಿರಿನ ದಾರಿಯೂ ಅನ್ನದ ದಾರಿಯೂ

ಕೊರಳಿನಲ್ಲಿ ಮುಂಗಡೆ ಶ್ವಾಸನಾಳವೂ ಅದರ ಬೆನ್ನಿಗೆ ಅನ್ನನಾಳವೂ ಒತ್ತೊತ್ತಾಗಿ ಇಳಿಯುತ್ತವೆ. ಗರ್ಭದಲ್ಲಿ ಮೊದಲು ಒಂದೇ ಆಗಿದ್ದ ಕೊಳವೆಯು ನಾಲ್ಕನೆಯ ವಾರದ ಸುಮಾರಿಗೆ ಕವಲೊಡೆದು ಇವೆರಡಾಗತಕ್ಕದ್ದು. ಆ ಬೇರ್ಪಾಟು ಕುಂದಿದರೆ ಅನ್ನನಾಳದ ಮೇಲ್ಭಾಗವು ತಳ ಮುಚ್ಚಿದ ಚೀಲದಂತಾಗಿ, ಕೆಳಭಾಗವು ಶ್ವಾಸನಾಳಕ್ಕೆ ತೆರೆದುಕೊಳ್ಳುವುದುಂಟು. ಅಂಥ ಕೂಸು ಮೊಲೆಯುಣ್ಣಲೆಳಸಿದರೂ ಹಾಲು ಹೊಟ್ಟೆಯನ್ನು ಸೇರದು. ಉಕ್ಕಿ ಶ್ವಾಸಕೋಶಕ್ಕೆ ಸುರಿಯುತ್ತದೆ. ಜಠರದ ಆಮ್ಲವೂ ಕೆಳಗಿನಿಂದೇರಿ ಅಲ್ಲಿಗೇ ಬರುತ್ತದೆ.

1670ರಲ್ಲಿ ಇಂಗ್ಲೆಂಡಿನ ವಿಲಿಯಂ ಡರ್ಸ್ಟನ್ ಎಂಬಾತನು, ಕೂಡಿಕೊಂಡು ಹುಟ್ಟಿದ ಅವಳಿಗಳಲ್ಲೊಂದರ ಅನ್ನನಾಳವು ನಡುವೆಯೇ ನಿಂತುಹೋಗಿದ್ದುದನ್ನು ಬರೆದಿಟ್ಟನು. ನಾಳಗಳೆರಡೂ ಕೂಡಿಕೊಂಡಿದ್ದ ಶಿಶುವನ್ನು ಥಾಮಸ್ ಗಿಬ್ಸನ್ನನು 1697ರಲ್ಲಿ ವರ್ಣಿಸಿದನು. ಆ ಬಳಿಕ ಸುಮಾರು ಇನ್ನೂರು ವರ್ಷಗಳವರೆಗೆ ವೈದ್ಯರಿಂದಾದುದು ವರ್ಣನೆಯೊಂದೇ. 1888ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ಟೀಲನು ಶಸ್ತ್ರವನ್ನೇನೋ ಹಿಡಿದನು, ಶಿಶು ಉಳಿಯಲಿಲ್ಲ.

1939ರಲ್ಲಿ ಅಮೆರಿಕದ ಲೆವೆನ್ ಮತ್ತು ಲ್ಯಾಡ್ ಎಂಬಿಬ್ಬರು ಹೊಟ್ಟೆಗೆ ನೇರವಾಗಿ ಆಹಾರವೂಡಿ, ಹಂತಹಂತವಾಗಿ ಶಸ್ತ್ರಕ್ರಿಯೆ ನಡೆಯಿಸಿ ಬೇರೆಬೇರೆಯಾಗಿ ಒಂದೊಂದು ಶಿಶುವನ್ನುಳಿಸಿದರು. ಆದರೆ ತುಂಡಾದ ನಾಳವನ್ನೇ ಹೊಲಿದು ಕೂಡಿಸುವ ಕೆಲಸ ಇನ್ನೂ ಕೈಗೂಡಿರಲಿಲ್ಲ. 1940ರಲ್ಲಿ ಬಾಸ್ಟನ್ನಿನ ಥಾಮಸ್ ಲ್ಯಾನ್ಮನ್ನನು 32 ಶಿಶುಗಳ ವೃತ್ತಾಂತವನ್ನು ಪ್ರಕಟಿಸಿದನು. ಅವುಗಳಲ್ಲೊಂದೂ ಬದುಕಿರಲಿಲ್ಲ. ತನ್ನ ಸೋಲನ್ನು ಇಷ್ಟು ನಿಚ್ಚಳವಾಗಿ ಲೆಕ್ಕವಿಟ್ಟು ಲೋಕದ ಮುಂದಿಟ್ಟ ಶಸ್ತ್ರವೈದ್ಯರು ವಿರಳ. ನೇರವಾದ ಜೋಡಣೆಯು ಫಲಿಸುವ ದಿನ ಬಂದೇ ಬರುವುದೆಂಬ ನಂಬುಗೆಯನ್ನೂ ಆತನು ಅದೇ ಲೇಖನದಲ್ಲಿ ಸೂಚಿಸಿದನು. ಆ ದಿನ ದೂರವಿರಲಿಲ್ಲ. 1941ರ ಮಾರ್ಚಿ 15ರಂದು ಮಿಚಿಗನ್ನಿನ ಕ್ಯಾಮರನ್ ಹೇಟನು ಹನ್ನೆರಡು ದಿನದ ಹೆಣ್ಣುಕೂಸಿನ ಎದೆಯನ್ನು ತೆರೆದು, ಅಡ್ಡದಾರಿಯನ್ನು ಕಟ್ಟಿ, ತುಂಡುಗಳನ್ನು ಹೊಲಿದನು. ಹೊಲಿಗೆ ಸೋರಿತು, ಆದರೂ ಕೂಸು ಬದುಕಿತು.

ಅತ್ತ ಒಳನೋಟದ ಯಂತ್ರಗಳ ಕಥೆ ಬೇರೆಯಾಗಿಯೇ ಸಾಗಿತ್ತು. ಜರ್ಮನಿಯ ಫ್ರೈಬುರ್ಗಿನಲ್ಲಿ ಕುಸ್‌ಮೌಲನು 1868ರಲ್ಲಿ ಜಠರದರ್ಶನಕ್ಕೆ ನೇರ ಕೊಳವೆಯನ್ನಿಳಿಸಿದುದು ಕತ್ತಿನುಂಗುವ ಆಟಗಾರನೊಬ್ಬನ ಗಂಟಲಿನಲ್ಲಿ. ಬೇರಾರು ತಾನೆ ಸಹಿಸಿಯಾರು! ಅದೇ ಊರಿನಲ್ಲಿ 1897ರಲ್ಲಿ ಕಿಲಿಯನ್ನನು ರೈತನೊಬ್ಬನ ಶ್ವಾಸಮಾರ್ಗದಿಂದ ಎಲುಬಿನ ಚೂರನ್ನು ತೆಗೆದನು. 1959ರಲ್ಲಿ ಹೆರಾಲ್ಡ್ ಹಾಪ್ಕಿನ್ಸನು ಗಾಜಿನ ಸಲಾಕೆಗಳ ಮಸೂರಕ್ರಮವನ್ನು ಕಲ್ಪಿಸಿದ ಮೇಲೆ ಕೂಸಿನ ಕಿರುನಾಳದೊಳಗೂ ಸ್ಪಷ್ಟವಾಗಿ ಕಾಣುವಂತಾಯಿತು.

ಎದೆಯನ್ನು ಸೀಳಿದ ಶಿಶುಗಳಲ್ಲಿ ಕೆಲವಕ್ಕೆ ಬೆಳೆದಂತೆ ಪಕ್ಕೆ ಕುಗ್ಗುವುದೂ ಬೆನ್ನು ಬಾಗುವುದೂ ಉಂಟು. ಈ ಕಾರಣದಿಂದ ಕಿಂಡಿಗಳ ಮೂಲಕವೇ ಹೊಲಿಯುವ ಯತ್ನ ನಡೆಯಿತು. 1999ರಲ್ಲಿ ಬರ್ಲಿನ್ನಿನಲ್ಲಿ ಲೋಬ್ ಮೊದಲಾದವರು ಎದೆಯಲ್ಲಿಟ್ಟ ದರ್ಶಕದ ನೆರವಿನಿಂದ ತುಂಡಾದ ಅನ್ನನಾಳವನ್ನು ಜೋಡಿಸಿದರು. ಬಹು ಬಿಗಿಯಾದ ಈ ಕೌಶಲವು ಎಲ್ಲ ಕೈಗಳಿಗೂ ದಕ್ಕುವಂಥದಲ್ಲ.

ಬಾಯಿಯ ದಾರಿಯಿಂದಲೇ ಮುಚ್ಚುವ ಚಿಕಿತ್ಸೆ ಇದಕ್ಕಿಂತ ಹಳೆಯದು. 1975ರಲ್ಲಿ ಜರ್ಮನಿಯ ಗ್ಡಾನಿಯೆಟ್ಸ್ ಮತ್ತು ಕ್ರೌಸೆ ಎಂಬವರು ಅಂಗಾಂಶದ ಅಂಟಿನಿಂದ ನಾಳದ ಅಡ್ಡದಾರಿಯನ್ನು ಮುಚ್ಚಿದ ವಿವರವನ್ನು ಪ್ರಕಟಿಸಿದರು. 1984ರಲ್ಲಿ ವಿದ್ಯುತ್ತಿನಿಂದ ಸುಟ್ಟು ಮುಚ್ಚಿದ ವರದಿ ಬಂದಿತು. ಆದರೆ ಇದು ತುಂಡಾದ ಅನ್ನನಾಳವನ್ನು ಕೂಡಿಸಲಾರದು. ನಾಳವು ಅಖಂಡವಾಗಿದ್ದು ಕಿರಿದಾದ ಸುರಂಗವೊಂದೇ ಉಳಿದಿರುವಲ್ಲಿ, ವಿಶೇಷವಾಗಿ ಮೊದಲ ಶಸ್ತ್ರಕ್ರಿಯೆಯ ಬಳಿಕ ಮರಳಿ ತೆರೆದ ರಂಧ್ರಕ್ಕೆ, ಇದು ಸಲ್ಲುತ್ತದೆ. ಹೀಗೆ ಮುಚ್ಚಿದುದೂ ಬಿಚ್ಚಿಕೊಳ್ಳುವುದುಂಟು. ಆಗ ದರ್ಶಕವನ್ನು ಎರಡನೆಯ, ಮೂರನೆಯ ಸಲವೂ ಇಳಿಸಬೇಕಾಗುತ್ತದೆ.