ಲೊಕ್ಕಿಗುಂಡಿಗೆ ಒಂದು ದಿನ

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಿಂದ ಬೆಳಿಗ್ಗೆ ಹೊರಟವರು ಗದಗಿನಾಚೆಯ ಲಕ್ಕುಂಡಿ ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಶಾಸನಗಳ ಲೊಕ್ಕಿಗುಂಡಿ ಇದೇ. ಚಾಲುಕ್ಯರ ಕಾಲದಲ್ಲಿ ‘ಲೊಕ್ಕಿ ಗದ್ಯಾಣ’ ಅಚ್ಚಾಗುತ್ತಿದ್ದ ಊರು; 1192ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನ ನೆಲೆವೀಡು.

ಇಲ್ಲಿಯ ಬ್ರಹ್ಮಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಯುದ್ಧದಲ್ಲಿ ಪತಿ ನಾಗದೇವನನ್ನು ಕಳೆದುಕೊಂಡ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಮರಳುಗಲ್ಲು ಬಿಟ್ಟು ಬಳಪದ ಕಲ್ಲು ಹಿಡಿದ ಮೊದಲ ಗುಡಿಗಳಲ್ಲಿ ಇದೂ ಒಂದು. ಮೆತ್ತನೆಯ ಆ ಕಲ್ಲಿನಿಂದಲೇ ಮುಂದೆ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದಲ್ಲಿ ಅಷ್ಟು ಸೂಕ್ಷ್ಮ ಕುಸುರಿ ಸಾಧ್ಯವಾಯಿತು. ಮಾಣಿಕೇಶ್ವರದ ಮುಂದಿನ ಮುಸುಕಿನ ಬಾವಿಯಲ್ಲಿ ನೀರಿಗೂ ಅದೇ ಕಲೆ ಸಂದಿದೆ.

1117ರ ಬೇಲೂರಿಗೆ ಪೂರ್ವಪಾಠ ಇಲ್ಲಿದೆ. ಮನೆಗಳ ನಡುವೆ ಸಿಕ್ಕ ಈ ಗುಡಿ-ಬಾವಿಗಳು ಉಳಿಯಬೇಕಾದರೆ, ದೂರದ ಬೇಲೂರಿಗೆ ಹೋಗುವ ಮೊದಲು ನೆರೆಯವರು ಇವನ್ನು ನೋಡಬೇಕು.