ಸಾಬರಮತಿಯ ಪ್ರಾರ್ಥನೆ ಕಟ್ಟಿದ ಪಂಡಿತ ಖರೆ

ನಾರಾಯಣ ಮೋರೇಶ್ವರ ಖರೆ (1889–1938) ಗ್ವಾಲಿಯರ್ ಘರಾಣೆಯ ಗಾಯಕರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರಿಂದ ಕಲಿತ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಅರಮನೆಗಳಲ್ಲಿ ಬೆಳೆದ ವಿದ್ಯೆಯನ್ನು ಸಾಮಾನ್ಯರ ಮಕ್ಕಳಿಗೂ ಕಲಿಸಿದವರು. ಗುರುವಿನ ಈ ದಾರಿಯಲ್ಲಿ ಶಿಷ್ಯ ಇನ್ನೂ ಮುಂದೆ ಹೋದರು.

ಗುಜರಾತಿಗೆ ಶಾಸ್ತ್ರೀಯ ಸಂಗೀತ ಹೊಸದಾಗಿರಲಿಲ್ಲ. ವಡೋದರಾದಲ್ಲಿ ಮೌಲಾಬಕ್ಷರ ಗಾಯನಶಾಲೆ 1886ರಿಂದಲೇ ನಡೆಯುತ್ತಿತ್ತು. 1916ರಲ್ಲಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ಅಲ್ಲಿಯೇ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ಕೂಡಿಸಿದರು. ಆದರೆ ಇದೆಲ್ಲ ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ನಡೆದದ್ದು. ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ಗಾಂಧೀಜಿಯ ಸತ್ಯಾಗ್ರಹಾಶ್ರಮಕ್ಕೆ ಬೇಕಾದದ್ದು ಬೇರೆ. ಅಲ್ಲಿ ಬೆಳಗಿನ ಜಾವ ಮತ್ತು ಸಂಜೆ ಸಾಮೂಹಿಕ ಪ್ರಾರ್ಥನೆ ನಡೆಯುತ್ತಿತ್ತು; ಹಾಡುವವರಲ್ಲಿ ಹೆಚ್ಚಿನವರಿಗೆ ಸ್ವರಜ್ಞಾನವಿರಲಿಲ್ಲ. ಗಾಂಧೀಜಿ ಕೇಳಿಕೊಂಡಾಗ ಪಲುಸ್ಕರರು ಖರೆಯವರನ್ನು ಕಳಿಸಿಕೊಟ್ಟರು. 1918ರ ಹೊತ್ತಿಗೆ ಬಂದ ಖರೆ ಆಶ್ರಮವಾಸಿಯಾಗಿಯೇ ಉಳಿದರು.

ಅವರ ಬಹುದೊಡ್ಡ ಕೆಲಸ ‘ಆಶ್ರಮ ಭಜನಾವಳಿ’ಯ ಸಂಕಲನ. ನರಸಿಂಹ ಮೆಹತಾ, ಮೀರಾ, ಕಬೀರ, ತುಲಸೀದಾಸ, ತುಕಾರಾಮರ ಪದಗಳ ಜೊತೆಗೆ ಕ್ರೈಸ್ತ ಸ್ತೋತ್ರಗಳೂ ಅದರಲ್ಲಿ ಸೇರಿದವು. ಪಾಂಡಿತ್ಯ ತೋರಿಸುವ ತಾನಗಳನ್ನು ಬದಿಗಿಟ್ಟು, ನೂರು ಕಂಠಗಳು ಒಟ್ಟಿಗೆ ಹಿಡಿಯಬಲ್ಲ ಧಾಟಿ ಆರಿಸುವುದು ಕಛೇರಿ ಹಾಡುವುದಕ್ಕಿಂತ ಸುಲಭದ ಕೆಲಸವೇನಲ್ಲ. ರಾಗವನ್ನು ಆಳವಾಗಿ ಬಲ್ಲವನಿಗೆ ಮಾತ್ರ ಅದನ್ನು ಕೆಡಿಸದೆ ಸರಳಗೊಳಿಸುವುದು ಸಾಧ್ಯ. ನಗರದಲ್ಲಿಯೂ ಅವರು ರಾಷ್ಟ್ರೀಯ ಸಂಗೀತ ಮಂಡಲದ ಮೂಲಕ ಸಂಗೀತ ಕಲಿಸಿದರು. ಗಾಂಧೀಜಿ 1930ರಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ತಮ್ಮ ಶಿಷ್ಯೆ ಮೀರಾಬೆನ್‌ಗಾಗಿ ಭಜನಾವಳಿಯ ಪದಗಳನ್ನು ಇಂಗ್ಲಿಷಿಗೆ ತಿರುಗಿಸಿದರು.

ಅದೇ ವರ್ಷದ ಆರಂಭದಲ್ಲಿ ಆಶ್ರಮಕ್ಕೆ ಸಿಡುಬು ಹೊಕ್ಕಿತ್ತು. ತೀರಿಕೊಂಡ ಮಕ್ಕಳಲ್ಲಿ ಖರೆಯವರ ಮಗನೂ ಒಬ್ಬ. ಆ ದುಃಖ ಇನ್ನೂ ಹಸಿಯಾಗಿರುವಾಗಲೇ, ಮಾರ್ಚ್ 12ರಂದು, ಅವರು ದಂಡಿಯಾತ್ರೆಗೆ ಹೊರಟರು. ಸುಮಾರು 385 ಕಿಲೋಮೀಟರು, 24 ದಿನ. ಸೂರತ್ತಿನ ಮೇಲೆ ಹಾದು, ಆಗ ವಡೋದರಾ ಸಂಸ್ಥಾನಕ್ಕೆ ಸೇರಿದ್ದ ನವಸಾರಿಯ ಮೂಲಕ ಸಾಗಿದ ತಂಡದಲ್ಲಿ ಹಾವೇರಿ ಸೀಮೆಯ ತರುಣ ಮೈಲಾರ ಮಹಾದೇವಪ್ಪನವರೂ ಇದ್ದರು. ಪ್ರಾರ್ಥನೆಯಲ್ಲಿ ಖರೆ ಮುಂದಾಗಿ ಹಾಡುತ್ತಿದ್ದರು, ಉಳಿದವರು ದನಿಗೂಡಿಸುತ್ತಿದ್ದರು. ಮಗನನ್ನು ಕಳೆದುಕೊಂಡ ತಂದೆ ಅಷ್ಟು ಜನರ ದನಿಗೆ ಆಧಾರವಾಗಿ ನಿಂತದ್ದನ್ನು ನೆನೆದರೆ, ಅವರ ಸಂಗೀತದ ಬಲ ಎಲ್ಲಿತ್ತೆಂಬುದು ತಿಳಿಯುತ್ತದೆ.

ಸೂರತ್ ಜಿಲ್ಲೆಯ ಹರಿಪುರದಲ್ಲಿ 1938ರ ಫೆಬ್ರವರಿಯಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯುವುದಿತ್ತು. ಸಂಗೀತದ ಸಿದ್ಧತೆಗೆಂದು ಮೊದಲೇ ಹೋಗಿದ್ದ ಖರೆ ಅಲ್ಲಿ ಕಾಯಿಲೆ ಬಿದ್ದು, ಅಧಿವೇಶನಕ್ಕೆ ಮುನ್ನವೇ ತೀರಿಕೊಂಡರು. ಅವರು ಸಂಕಲಿಸಿದ ಭಜನಾವಳಿಯನ್ನು ಅಹಮದಾಬಾದಿನ ನವಜೀವನ ಪ್ರಕಾಶನ ಮುಂದೆಯೂ ಮುದ್ರಿಸುತ್ತ ಬಂತು.