ಎಕಂಬಾದ ಇತಿಹಾಸ ಯಾವ ಕಪಾಟಿನಲ್ಲಿದೆ?

ಬೀದರ್ ಜಿಲ್ಲೆಯ ಉತ್ತರದಂಚಿನ ಔರಾದ್ ಸೀಮೆಯಲ್ಲಿ ಎಕಂಬಾ ಎಂಬ ಊರಿದೆ. ಆ ಊರಿನ ವಿದ್ಯಾರ್ಥಿನಿಯೊಬ್ಬಳಿಗೆ ತನ್ನ ಸೀಮೆಯ ಚರಿತ್ರೆಯ ಬಗ್ಗೆಯೇ ಎಂ.ಎ. ಕಿರುಪ್ರಬಂಧ ಬರೆಯುವ ಹುಮ್ಮಸ್ಸು ಬಂತೆಂದು ಇಟ್ಟುಕೊಳ್ಳಿ. ಶಾಸನಗಳೆಂದರೆ ಮೊದಲು ‘ಎಪಿಗ್ರಾಫಿಯಾ ಕರ್ನಾಟಿಕಾ’ ನೋಡಬೇಕೆಂದು ಯಾರೋ ಹೇಳಿರುತ್ತಾರೆ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಆಕೆ ದಪ್ಪ ದಪ್ಪ ಸಂಪುಟಗಳನ್ನು ಕೆಳಗಿಳಿಸುತ್ತಾಳೆ, ಧೂಳು ಕೊಡವಿ ಪುಟ ತಿರುವುತ್ತಾಳೆ. ಮೈಸೂರು ಇದೆ, ಶಿವಮೊಗ್ಗ ಇದೆ, ಕೋಲಾರ ಇದೆ. ಬೀದರ್ ಜಿಲ್ಲೆಯ ಸಂಪುಟವೇ ಇಲ್ಲ! ನಮ್ಮ ಕಡೆ ಶಾಸನಗಳೇ ಇಲ್ಲವೇನೋ ಎಂದುಕೊಂಡು ಆಕೆ ಅಲ್ಲಿಗೇ ಕೈಬಿಟ್ಟರೆ ತಪ್ಪು ಆಕೆಯದಲ್ಲ.

ಕಾರಣ ಸರಳ. ಬಿ.ಎಲ್. ರೈಸ್ ಅವರು 1886ರಿಂದ ಸುಮಾರು ಎರಡು ದಶಕಗಳ ಕಾಲ ಹೊರತಂದ ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದವು. ಆಗ ಬೀದರ್ ಇದ್ದುದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಪುಸ್ತಕದ ಹೆಸರಿನಲ್ಲಿ ಕರ್ನಾಟಕವಿದ್ದರೂ ಅದರ ಗಡಿ ಇಂದಿನ ಕರ್ನಾಟಕದ ಗಡಿಯಲ್ಲ. ಗ್ರಂಥಾಲಯದಲ್ಲಿ ಸಂಶೋಧನಾ ಸಾಮಗ್ರಿ ಹುಡುಕುವವರು ಮೊದಲು ಎಡವುವುದು ಇಲ್ಲೇ. ಊರು ಇವತ್ತು ಯಾವ ಜಿಲ್ಲೆಯಲ್ಲಿದೆ ಎಂಬುದು ಸಾಲದು. ಪುಸ್ತಕ ಅಚ್ಚಾದ ವರ್ಷ ಆ ಊರು ಯಾರ ಆಳ್ವಿಕೆಯಲ್ಲಿತ್ತು ಎಂಬುದೂ ಗೊತ್ತಿರಬೇಕು.

ಬೀದರಿಗೆ ಗ್ರಂಥಾಲಯ ಹೊಸತೇನಲ್ಲ ಎಂಬುದು ಇದರಲ್ಲಿನ ವಿಪರ್ಯಾಸ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಆ ಕಾಲದ ದಖ್ಖನಿನ ವಿಶ್ವವಿದ್ಯಾಲಯವೇ ಆಗಿತ್ತು. ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ ಕೋಣೆಗಳು, ಪಾಠದ ಹಜಾರಗಳು, ಜೊತೆಗೊಂದು ಪುಸ್ತಕ ಭಂಡಾರ. 1481ರಲ್ಲಿ ಸುಲ್ತಾನನು ಸುಳ್ಳು ಆರೋಪವನ್ನು ನಂಬಿ ಗವಾನನನ್ನು ಕೊಲ್ಲಿಸಿದ. ಆಮೇಲೆ ವಜೀರನ ಆಸ್ತಿಯನ್ನು ವಿಚಾರಿಸಿದಾಗ ಸಿಕ್ಕ ಹಣ ಅಲ್ಪ. ಇದ್ದ ಮೂರು ಸಾವಿರ ಪುಸ್ತಕಗಳೋ ವಿದ್ಯಾರ್ಥಿಗಳಿಗಾಗಿ ಮೀಸಲಿಟ್ಟವು ಎಂಬ ಉತ್ತರ ಬಂತೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಮದರಸಾ ಮುಂದೆ ಮೊಗಲ್ ಸೈನ್ಯದ ಬಿಡಾರವಾಯಿತು. 17ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಈಗಲೂ ಉಳಿದ ಗೋಡೆಯ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಹೊಳೆಯುತ್ತವೆ. ಪುಸ್ತಕಗಳು ಮಾತ್ರ ಇಲ್ಲ.

ಆದರೆ ಗವಾನ್ ಬರೆದ ಪತ್ರಗಳು ಉಳಿದವು. ಅವುಗಳ ಸಂಗ್ರಹ ‘ರಿಯಾಜ್-ಉಲ್-ಇನ್ಷಾ’ 1948ರಲ್ಲಿ ಅಚ್ಚಾಯಿತು. ಎಲ್ಲಿ? ಹೈದರಾಬಾದಿನಲ್ಲಿ, ಪಾರ್ಸಿಯಲ್ಲಿ. ಗವಾನನ ಜೀವನಚರಿತ್ರೆಯನ್ನು 1942ರಲ್ಲಿ ಇಂಗ್ಲಿಷಿನಲ್ಲಿ ಬರೆದವರು ಉಸ್ಮಾನಿಯಾ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಹಾರೂನ್ ಖಾನ್ ಶೇರ್ವಾನಿ. ಬೀದರಿನ ಸ್ಮಾರಕಗಳ ಬಗ್ಗೆ ಇಂದಿಗೂ ಬಿಡದೆ ನೋಡಬೇಕಾದ ಗ್ರಂಥ 1947ರಲ್ಲಿ ಬಂದದ್ದು. ಅದರ ಕರ್ತೃ ಗುಲಾಂ ಯಜದಾನಿ ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದವರು. ಹೀಗೆ ಬೀದರಿನ ಮೇಲಿನ ಮೊದಲ ಆಧುನಿಕ ಸಂಶೋಧನೆಯ ಬಹುಪಾಲು ನಡೆದದ್ದು ಬೀದರಿನಿಂದ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿನಲ್ಲಿ.

ಅದು ಸಹಜವೇ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ಕೊಟ್ಟು ಹೆಸರಾದದ್ದು. ಸಂಸ್ಥಾನದ ಕನ್ನಡ ಜಿಲ್ಲೆಗಳ ಹುಡುಗರು ಕಾಲೇಜು ಕಟ್ಟೆ ಹತ್ತಬೇಕೆಂದರೆ ಹೆಚ್ಚಾಗಿ ಅಲ್ಲಿಗೇ ಹೋಗಬೇಕಿತ್ತು. ಡಿ.ಕೆ. ಭೀಮಸೇನರಾಯರಂಥವರು ಅಲ್ಲಿ ಕನ್ನಡ ಕಲಿಸಿದ್ದೂ ಉಂಟು. ಆ ಕಾಲದ ಕಂದಾಯದ ಕಾಗದಗಳು ಉರ್ದುವಿನಲ್ಲಿ, ಅದಕ್ಕೂ ಹಿಂದಿನವು ಪಾರ್ಸಿಯಲ್ಲಿ. ಮರಾಠಿ ಮಾತಾಡುವ ಹಳ್ಳಿಗಳ ಲೆಕ್ಕಪತ್ರ ಮೋಡಿ ಲಿಪಿಯಲ್ಲಿ. ಕನ್ನಡ ಮಾತ್ರ ಬಲ್ಲ ವಿದ್ಯಾರ್ಥಿಗೆ ತನ್ನ ಅಜ್ಜನ ಹೊಲದ ಪತ್ರವನ್ನೇ ಓದಲಾಗದ ಪರಿಸ್ಥಿತಿ.

ನಂತರ 1956 ಬಂತು. ರಾಜ್ಯ ಪುನರ್ವಿಂಗಡಣೆಯ ಸಂಭ್ರಮವನ್ನು ಎಲ್ಲರೂ ಬಲ್ಲರು. ಅದು ಕಪಾಟುಗಳಿಗೆ ಮಾಡಿದ್ದೇನು ಎಂಬುದನ್ನು ಬಲ್ಲವರು ಕಡಿಮೆ. ಹಳೆಯ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ್, ನಿಲಂಗಾ, ಅಹ್ಮದಪುರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಮತ್ತು ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಜನ ಬಂದರು, ಹೊಲಗಳು ಬಂದವು. ದಶಕಗಳಿಂದ ಬೆಳೆದಿದ್ದ ಗ್ರಂಥಭಂಡಾರಗಳು ಮಾತ್ರ ಹೈದರಾಬಾದಿನಲ್ಲೇ ಉಳಿದವು. ಪಿ.ಬಿ. ದೇಸಾಯಿಯವರು ಸಂಪಾದಿಸಿದ, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟ 1958ರಲ್ಲಿ ಪ್ರಕಟವಾದಾಗ ‘ಹೈದರಾಬಾದ್ ರಾಜ್ಯ’ವೇ ಇರಲಿಲ್ಲ. ಅದನ್ನು ಅಚ್ಚು ಹಾಕಿಸಿದ್ದು ಆಂಧ್ರಪ್ರದೇಶ ಸರ್ಕಾರ!

ಇನ್ನು ಗ್ರಂಥಾಲಯದ ಒಳಗಿನ ಕಥೆ. ನಮ್ಮ ಅನೇಕ ಗ್ರಂಥಾಲಯಗಳು ಅನುಸರಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87, ಆಂಧ್ರಕ್ಕೆ 954.84, ಮಹಾರಾಷ್ಟ್ರಕ್ಕೆ 954.792 ಎಂಬ ಸಂಖ್ಯೆಗಳಿವೆ. ಹೈದರಾಬಾದ್ ಸಂಸ್ಥಾನದ ಮೇಲಿನ ಪುಸ್ತಕ ಸಾಮಾನ್ಯವಾಗಿ ಆಂಧ್ರದ ಸಂಖ್ಯೆಯಡಿ ಕೂರುತ್ತದೆ. ಬೀದರಿನ ಮೇಲೆ ಇಡೀ ಅಧ್ಯಾಯವೇ ಅದರೊಳಗಿದ್ದರೂ ಕರ್ನಾಟಕದ ಕಪಾಟಿನ ಮುಂದೆ ನಿಂತವರ ಕಣ್ಣಿಗೆ ಅದು ಬೀಳುವುದಿಲ್ಲ. ಮರಾಠವಾಡದ ಪುಸ್ತಕ ಇನ್ನೊಂದು ಸಾಲಿನಲ್ಲಿ. ಆದ್ದರಿಂದ ನುರಿತ ಸಂಶೋಧಕರು ಕಪಾಟಿನ ಮುಂದೆ ಅಲೆಯುವ ಬದಲು ಮೊದಲು ಸೂಚಿಪತ್ರದ ಮುಂದೆ ಕೂರುತ್ತಾರೆ. ಹಿಂದೆ ಅದು ಕಾರ್ಡು ತುಂಬಿದ ಮರದ ಡ್ರಾಯರ್, ಈಗ ಕಂಪ್ಯೂಟರ್. ಹುಡುಕುವ ಬುದ್ಧಿ ಮಾತ್ರ ಅದೇ. ಸಂಸ್ಥಾನದ ಹೆಸರಿನಲ್ಲೊಮ್ಮೆ, ಅರಸುಮನೆತನದ ಹೆಸರಿನಲ್ಲೊಮ್ಮೆ, ನೆರೆಯ ತಾಲ್ಲೂಕಿನ ಹೆಸರಿನಲ್ಲೊಮ್ಮೆ ಕೇಳಬೇಕು. ಬಹಮನಿಗಳ ಕಾಲದ ಬೀದರ್ ‘ಮುಹಮ್ಮದಾಬಾದ್’. ಔರಾದ್ ತಾಲ್ಲೂಕು ಹಳೆಯ ದಾಖಲೆಗಳಲ್ಲಿ ‘ಸಂತಪುರ’. ಎಕಂಬಾವನ್ನು ಇಂಗ್ಲಿಷಿನಲ್ಲಿ ‘ಇ’ಯಿಂದಲೂ ಬರೆಯಬಹುದು, ‘ವೈ’ಯಿಂದಲೂ ಬರೆಯಬಹುದು. ಒಂದು ಅಕ್ಷರ ತಪ್ಪಿದರೆ ಒಂದು ದಾಖಲೆ ತಪ್ಪಿತು.

ಒಂದು ಒಳ್ಳೆಯ ಪುಸ್ತಕ ಸಿಕ್ಕರೆ ಉಳಿದವು ತಾವಾಗಿ ಕೈಗೆ ಬರುತ್ತವೆ. ಯಜದಾನಿಯವರ ಗ್ರಂಥವನ್ನು ಮೊದಲ ಪುಟದಿಂದಲ್ಲ, ಅಡಿಟಿಪ್ಪಣಿಗಳಿಂದ ಓದಬೇಕು. ಅಲ್ಲಿ ಮೂಲಗಳ ಹೆಸರಿವೆ. ಹೆಸರು ಹಿಡಿದು ಗ್ರಂಥಪಾಲಕರ ಮೇಜಿಗೆ ಹೋದರೆ ತಮ್ಮಲ್ಲಿ ಇಲ್ಲದ್ದು ಯಾವ ಊರಿನಲ್ಲಿದೆ ಎಂದು ಅವರು ಹೇಳಬಲ್ಲರು. ಎಷ್ಟೋ ವಿದ್ಯಾರ್ಥಿಗಳು ಸಂಕೋಚದಿಂದ ಆ ಮೇಜಿನ ಹತ್ತಿರವೂ ಸುಳಿಯುವುದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದಿದ್ದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಆ ಗ್ರಂಥಾಲಯದಲ್ಲೇ ಕೆಲಸ ಮಾಡುತ್ತಿದ್ದವರು ಎಂಬುದನ್ನು ಇಲ್ಲಿ ನೆನೆಯಬಹುದು.

ಶಾಸನಗಳ ಮಾತು ಮತ್ತೂ ಸ್ವಾರಸ್ಯದ್ದು. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಶಾಸನ ವಿಭಾಗ ಇರುವುದು ಮೈಸೂರಿನಲ್ಲಿ. ಅರಬ್ಬಿ-ಪಾರ್ಸಿ ಶಾಸನಗಳ ಶಾಖೆ ನಾಗಪುರದಲ್ಲಿ. ಬೀದರ್ ಜಿಲ್ಲೆಯಲ್ಲಿ ಎರಡೂ ಬಗೆಯವು ಇವೆ. ಹೀಗಾಗಿ ಒಂದೇ ಜಿಲ್ಲೆಯ ಕಲ್ಲುಬರಹಗಳ ಬೆನ್ನು ಹತ್ತಿದವರು ದಕ್ಷಿಣಕ್ಕೂ ಹೋಗಬೇಕು, ಉತ್ತರಕ್ಕೂ ಹೋಗಬೇಕು. ಇಲಾಖೆಯ ವಾರ್ಷಿಕ ವರದಿಗಳಲ್ಲಿ ಆಯಾ ವರ್ಷ ಪ್ರತಿ ಮಾಡಿಕೊಂಡ ಶಾಸನಗಳ ಪಟ್ಟಿ ಜಿಲ್ಲೆ, ತಾಲ್ಲೂಕು, ಊರುಗಳ ಕ್ರಮದಲ್ಲಿರುತ್ತದೆ. ಓದಲು ನೀರಸ. ಆದರೆ ಹಳ್ಳಿಯ ಹೆಸರು ಹಿಡಿದು ಹುಡುಕುವವರಿಗೆ ಅದಕ್ಕಿಂತ ಹತ್ತಿರದ ದಾರಿಯಿಲ್ಲ.

1956ರ ನಂತರ ಬೀದರಿನ ಉನ್ನತ ಶಿಕ್ಷಣದ ನಂಟು ದೂರದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬೆಸೆಯಿತು. 1970ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಕಲಬುರ್ಗಿಯಲ್ಲಿ ಬಂದಾಗ, 1980ರಲ್ಲಿ ಅದೇ ಗುಲ್ಬರ್ಗಾ ವಿಶ್ವವಿದ್ಯಾಲಯವಾದಾಗ ಈ ಭಾಗಕ್ಕೆ ಸ್ವಲ್ಪ ಉಸಿರಾಡುವಂತಾಯಿತು. ಸ್ವಲ್ಪ ಎನ್ನಲು ಕಾರಣವಿದೆ. ಬೀದರ್-ಕಲಬುರ್ಗಿ ನೇರ ರೈಲು ಮಾರ್ಗ ಉದ್ಘಾಟನೆಯಾದದ್ದೇ 2017ರಲ್ಲಿ. ಅಲ್ಲಿಯವರೆಗೆ ಗ್ರಂಥಾಲಯದಲ್ಲಿ ಒಂದು ದಿನ ಕೂರಬೇಕೆಂದರೆ ಹಳ್ಳಿಯ ಹುಡುಗಿಗೆ ಬಸ್ಸುಗಳ ಲೆಕ್ಕಾಚಾರವೇ ಅರ್ಧ ಸಂಶೋಧನೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಬೀದರ್ ವಿಶ್ವವಿದ್ಯಾಲಯವಾಯಿತು. ಗವಾನನ ಮದರಸಾದ ನಂತರ ಐದೂವರೆ ಶತಮಾನ ಕಾದು ಪಡೆದ ಹೆಸರು ಅದು. ಕಟ್ಟಡ ಎಬ್ಬಿಸುವುದು ಸುಲಭ, ಗ್ರಂಥಾಲಯ ಬೆಳೆಸುವುದು ಹಾಗಲ್ಲ. ಹಳೆಯ ನಿಯತಕಾಲಿಕಗಳ ಬಿಡಿ ಸಂಚಿಕೆಗಳನ್ನು ಇವತ್ತು ಹಣ ಕೊಟ್ಟರೂ ಕೊಳ್ಳುವುದು ಕಷ್ಟ.

ಈ ಕೊರತೆಯನ್ನು ಅಂತರ್ಜಾಲ ತುಂಬೀತು ಎಂಬ ಆಸೆ ಸುಳ್ಳೇನಲ್ಲ. ಗಾಂಧಿನಗರದ ‘ಇನ್‌ಫ್ಲಿಬ್‌ನೆಟ್’ ಸಂಸ್ಥೆಯ ‘ಶೋಧಗಂಗಾ’ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. 2025ರ ಜನವರಿಯಲ್ಲಿ ಜಾರಿಗೆ ಬಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಸುಮಾರು 13,000 ನಿಯತಕಾಲಿಕಗಳ ಬಾಗಿಲು ತೆರೆಯುವಂಥದ್ದು. ಆದರೆ ಕನ್ನಡದ ವಿದ್ಯಾರ್ಥಿಗೆ ಇಲ್ಲೂ ಒಂದು ತೊಡಕಿದೆ. ಯುನಿಕೋಡ್ ಬಳಕೆ ಹರಡುವ ಮೊದಲು ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಮಹಾಪ್ರಬಂಧಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಸ್ಕ್ಯಾನ್ ಮಾಡಿದವು ಬರೀ ಚಿತ್ರ. ಅವುಗಳ ನೂರಾರು ಪುಟಗಳ ನಡುವೆ ‘ಎಕಂಬಾ’ ಎಂಬ ಪದವಿದ್ದರೂ ಹುಡುಕಾಟದಲ್ಲಿ ಅದು ಬರುವುದಿಲ್ಲ. ಶೀರ್ಷಿಕೆ ನೋಡಿ, ಪರಿವಿಡಿ ತೆರೆದು, ಹಳೆಯ ಕಾಲದವರಂತೆ ಪುಟ ಪುಟವಾಗಿ ಓದಬೇಕು.

ಎಕಂಬಾದ ಆ ವಿದ್ಯಾರ್ಥಿನಿ ಹೈದರಾಬಾದಿಗೇ ಹೊರಟಳೆನ್ನಿ. ಅಲ್ಲಿ ಉಸ್ಮಾನಿಯಾ ಗ್ರಂಥಾಲಯವಿದೆ. ಅದಕ್ಕೆ ಸಮೀಪದ ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿ ಷಹಜಹಾನ್, ಔರಂಗಜೇಬರ ಕಾಲದ ದಖ್ಖನಿನ ಪಾರ್ಸಿ ಕಾಗದಗಳಿವೆ. ಪಾರ್ಸಿ ಓದಬಲ್ಲವರೊಬ್ಬರನ್ನು ಜೊತೆ ಮಾಡಿಕೊಳ್ಳಬೇಕು. ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ ಚೀಲದಲ್ಲಿರಬೇಕು. ಅವುಗಳ ಜೊತೆಗೆ ಇನ್ನೊಂದು ಹಾಳೆ: ಅದರಲ್ಲಿ ತನ್ನ ಊರಿನ ಹೆಸರನ್ನು ಉರ್ದು, ಮರಾಠಿ, ಇಂಗ್ಲಿಷ್, ಕನ್ನಡಗಳಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೋ ಅಷ್ಟೂ ಬಗೆಗಳು.